ಮೈದಾನ ನೋಡಲು ಬಂದವರು

ಹೊಸ ಕಬಡ್ಡಿ ಲೀಗಿನ ಪಂದ್ಯಗಳು ಯಾವ ಯಾವ ಊರಲ್ಲಿ ನಡೆಯಬೇಕೆಂದು ಸಮಿತಿ ಹೋದ ವಾರವೇ ತೀರ್ಮಾನಿಸಿಬಿಟ್ಟಿತ್ತು. ಆದರೂ ಕಾಟಾಚಾರಕ್ಕೆ ಸದಸ್ಯರೊಬ್ಬರನ್ನು ಈ ಸಣ್ಣ ಊರಿನ ಮೈದಾನ ನೋಡಲು ಕಳಿಸಿದ್ದರು.

ಊರೇ ನೆರೆದಿತ್ತು. ಕಬಡ್ಡಿ ಆಡುವ ಹುಡುಗಿಯರು ಆರತಿ ಎತ್ತಿ ಸದಸ್ಯರಿಗೆ ಶಾಲು ಹೊದಿಸಿದರು. ಮೈದಾನಕ್ಕೆ ಹೊಸ ಮಣ್ಣು ಬಿದ್ದಿತ್ತು, ಮೂಲೆಗಳಲ್ಲಿ ದೀಪದ ಕಂಬಗಳಿದ್ದವು, ಹೊಸ ನಲ್ಲಿಯಲ್ಲಿ ನೀರು ಬರುತ್ತಿತ್ತು. ನೋಡನೋಡುತ್ತ ಅವರು ಶಾಲಿನೊಳಗೆ ಬೆವೆತುಹೋದರು. ಹೊರಡುವ ಮುಂಚೆ ತಡೆಯಲಾರದೆ, ಹುಡುಗಿಯರ ಕೋಚ್ ನೀಲಗಂಗವ್ವನನ್ನು ಪಕ್ಕಕ್ಕೆ ಕರೆದರು.

"ಕ್ಷಮಿಸಿ ಮೇಡಂ. ನಿಮ್ಮೂರಿಗೆ ಲೀಗ್ ಬರೋದಿಲ್ಲ. ಊರುಗಳನ್ನ ಆಗಲೇ ಆರಿಸಿಯಾಗಿದೆ. ಸುಳ್ಳು ಆಸೆ ತೋರಿಸಿ ನಿಮ್ಮಿಂದ ಇಷ್ಟೆಲ್ಲ ಮಾಡಿಸಿಬಿಟ್ವಿ."

"ಬರೂದಿಲ್ಲಂತ ನಮಗ ಮೊದಲ ಗೊತ್ತಿತ್ರಿ ಸರ."

"ಮತ್ತೆ ಇದೆಲ್ಲ ಯಾಕೆ?"

"ನಾವೆಲ್ಲಿ ಮಾಡೀವ್ರಿ? ಪುರಸಭೆಯವ್ರು ಮಾಡ್ಯಾರ. ವರ್ಷಾನುಗಟ್ಟಲೆ ಅರ್ಜಿ ಕೊಟ್ರೂ ಬರದಿದ್ದ ನೀರು, ಲೈಟು, ನೀವು ಬರ್ತೀರಿ ಅಂದ ಕೂಡ್ಲೆ ಬಂದ್ವು."

ನೀಲಗಂಗವ್ವ ದನಿ ತಗ್ಗಿಸಿದರು.

"ಮುಂದಿನ ವರ್ಷಾನೂ ಹಿಂಗ ಒಂದು ಸುಳ್ಳ ಹೇಳಿ ಬರ್ರಿ ಸರ. ಹುಡುಗ್ಯಾರಿಗೆ ಪಾಯಖಾನಿ ಒಂದು ಬಾಕಿ ಐತಿ."