ಹನ್ನೆರಡು ಹಲ್ಲಿನ ಚಕ್ರ

ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಆಟದ ಲಾರಿ ನಿಂತಿತು. ಅದರ ಹೊಟ್ಟೆಯಿಂದ ಸಣ್ಣಗೆ ಹೊಗೆ ಎದ್ದಿತು. ಆಮೇಲೆ ಸಿಮೆಂಟಿನ ಇಳಿಜಾರಿನಲ್ಲಿ ಹಿಂದಕ್ಕೆ ಜಾರುತ್ತ, ಬೆನ್ನ ಮೇಲೆ ಕಟ್ಟಿದ್ದ ಸ್ಟೀಲ್ ಡಬ್ಬಿಯ ಸಮೇತ, ಗುಡ್ಡದ ಬುಡದಲ್ಲಿ ನಿಂತಿದ್ದ ಜಯಲಕ್ಷ್ಮಮ್ಮನವರ ಕಾಲ ಬಳಿಗೇ ವಾಪಸು ಬಂತು.

"ಅಯ್ಯೋ, ಕಡುಬು!" ಎಂದರು ಅವರು, ಕೈಯಲ್ಲಿದ್ದ ರಿಮೋಟನ್ನು ಎದೆಗೊತ್ತಿಕೊಂಡು.

"ಕಡುಬಿಗೇನೂ ಆಗಿಲ್ಲ ಅಕ್ಕ. ಮೋಟಾರು ಸುಟ್ಟಿದೆ," ಎಂದ ತಮ್ಮ ಕೇದಾರ.

ಲಾರಿ ಕೇದಾರನದು. ಹಾಸನದ ಕಾಲೇಜಿನಲ್ಲಿ ಪಾಠ ಹೇಳುವ ಅವನಿಗೆ ನಲವತ್ತು ದಾಟಿದರೂ ಈ ರಿಮೋಟಿನ ಗಾಡಿಗಳ ಹುಚ್ಚು ಬಿಟ್ಟಿರಲಿಲ್ಲ. ಹರಕೆ ಅಕ್ಕನದು. ಗಂಡನಿಗೆ ಎದೆನೋವು ಬಂದಾಗ, 'ಮಗಳ ಧಾರೆಯವರೆಗೆ ಇವರನ್ನು ಉಳಿಸಿಕೊಡು, ಇಪ್ಪತ್ತೊಂದು ಕಡುಬನ್ನು ಬೇರೆಯವರ ಕೈಗೆ ಕೊಡದೆ ನಾನೇ ನಿನ್ನ ಗುಡಿಗೆ ತರುತ್ತೇನೆ' ಎಂದು ಹಳ್ಳಿಮೈಸೂರಿನ ಆಚೆಯ ಈ ಗುಡ್ಡದ ಗಣಪತಿಗೆ ಹೇಳಿಕೊಂಡಿದ್ದರು. ಗಣಪತಿ ಧಾರೆಯನ್ನೂ ಕಾಣಿಸಿದ, ಅದರ ಮೇಲೆ ಮೂರು ವರ್ಷವನ್ನೂ ಕೊಟ್ಟ. ಆ ಮೂರು ವರ್ಷ ಗಂಡನ ಮಗ್ಗುಲು ಬಿಟ್ಟು ಬರಲಾಗಲಿಲ್ಲ. ಈಗ ಅವರು ತೀರಿಕೊಂಡು ವರ್ಷದ ಕರ್ಮಗಳೂ ಮುಗಿದಿವೆ, ಆದರೆ ಮಂಡಿ ಬಗ್ಗುವುದಿಲ್ಲ. "ರಿಮೋಟು ನಿನ್ನ ಕೈಯಲ್ಲಿದ್ದರೆ ತಂದವಳು ನೀನೇ," ಎಂದು ಕೇದಾರ ಒಪ್ಪಿಸಿದ್ದ.

ಜೊತೆಗೆ ಬಂದಿದ್ದ ಕೀರ್ತಿರಾಜ್ ಲಾರಿಯನ್ನು ಮಗುಚಿ ನೋಡಿದ. ಅರಕಲಗೂಡಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಅವನದು. ಈ ಹುಚ್ಚಿನಲ್ಲಿ ಕೇದಾರನಿಗೆ ಜೊತೆಗಾರ.

"ಏನ್ ಸಾ ಇದು! ಮೋಟಾರಿನ ಮೂತಿಗೆ ಇಪ್ಪತ್ತೊಂದು ಹಲ್ಲಿನ ಚಕ್ರ ಆಕಿದೀರಲ್ಲ? ಹನ್ನೆರಡು ಹಲ್ಲಿನ ಚಿಕ್ಕದು ಆಕಿ ಅಂತ ಬಡ್ಕಂಡಿರ್ನಿಲ್ವಾ ನಾನು?"

"ನಾನಲ್ಲಪ್ಪ, ಅಕ್ಕ," ಎಂದ ಕೇದಾರ.

"ಹೌದು, ನಾನೇ ಹೇಳಿದ್ದು," ಎಂದರು ಜಯಲಕ್ಷ್ಮಮ್ಮ. "ಗಣಪತಿಗೆ ಗರಿಕೆ ಇಪ್ಪತ್ತೊಂದು, ಕಡುಬು ಇಪ್ಪತ್ತೊಂದು. ಅವನ ಹತ್ತಿರ ಹೋಗೋ ಗಾಡಿಗೆ ಹನ್ನೆರಡು ಯಾವ ಲೆಕ್ಕ? ಕೇಳಿದ ತಕ್ಷಣ ಇವನು ಹೂಂ ಅಂದ."

"ಅನ್ನದೆ ಏನು! ದೊಡ್ಡ ಚಕ್ರ ಆಕಿದ್ರೆ ಓಟ ಜಾಸ್ತಿಯಲ್ವಾ, ಇವ್ರಿಗೆ ಅದೇ ಬೇಕು. ಕ್ವಾಣನ್ನ ರೇಸಿಗೆ ಬಿಟ್ಟು ಕುದ್ರೇನ ಉಳೋಕ್ ಕಟ್ಟೋ ಆಸಾಮಿ ಇವ್ರು."

ಅವನು ಚೀಲದಿಂದ ಇನ್ನೊಂದು ಮೋಟಾರನ್ನೂ ಕಡಲೆಯಷ್ಟು ಚಿಕ್ಕ ಚಕ್ರವನ್ನೂ ತೆಗೆದ. "ಇದ್ರೊಳಗೆ ತಂತಿ ಸುತ್ತು ಜಾಸ್ತಿ ಕಣಮ್ಮ. ಓಟ ಕಮ್ಮಿ, ದಮ್ಮು ಜಾಸ್ತಿ. ಈ ಹನ್ನೆರಡು ಹಲ್ಲಿಂದು ಆಕಿದ್ರೆ ಗೋಡೆ ಬೇಕಾದ್ರೂ ಅತ್ತತದೆ."

ಜಯಲಕ್ಷ್ಮಮ್ಮ ಡಬ್ಬಿಯನ್ನು ಬಿಚ್ಚಿ ಮಡಿಲಿಗೆ ತೆಗೆದುಕೊಂಡರು. "ಬೇಡ. ಅರೆಕೊರೆ ಹರಕೆ ತೀರಿಸೋಕೆ ನಾನು ಇಷ್ಟು ದೂರ ಬರಲಿಲ್ಲ. ಮನೆಗೆ ನಡೀರಿ."

ಕೇದಾರ ಏನೋ ಹೇಳಲು ಹೋದ. ಅಕ್ಕ ಮುಖ ತಿರುಗಿಸಿದರು. ಕೀರ್ತಿರಾಜ್ ಮಾತ್ರ ಹೊಸ ಮೋಟಾರನ್ನೂ ಚಿಕ್ಕ ಚಕ್ರವನ್ನೂ ಕೂರಿಸಿ ತಿರುಪು ಬಿಗಿದ. ಅವರ ಪೂಜೆಯ ಬುಟ್ಟಿಯಿಂದ ಒಂದು ಚಿಟಿಕೆ ಅರಿಸಿನ ಕೇಳಿ ಪಡೆದು, ಚಿಕ್ಕ ಚಕ್ರದ ಒಂದು ಹಲ್ಲಿಗೆ ಬೊಟ್ಟಿಟ್ಟ.

"ಅಮ್ಮ, ನಾನು ಹಿಂದಿನ ಗಾಲೀನ ಒಂದೇ ಒಂದು ಸುತ್ತು ತಿರುಗಿಸ್ತೀನಿ. ಈ ಬೊಟ್ಟು ಎಷ್ಟು ಸಲ ಸುತ್ತತದೆ, ನೀವೇ ಎಣಿಸ್ರಿ. ಆಮೇಲೆ ಬೇಕಾದ್ರೆ ಬಯ್ರಿ."

ಅವನು ಗಾಲಿಗಳನ್ನು ಮೆಲ್ಲಗೆ ತಿರುಗಿಸತೊಡಗಿದ. ಅವರು ಮನಸ್ಸಿಲ್ಲದೆ ಎಣಿಸಲು ಶುರುಮಾಡಿದರು. ಹತ್ತು ದಾಟುವಾಗ ಮುಂದಕ್ಕೆ ಬಾಗಿದ್ದರು. "ಹತ್ತೊಂಬತ್ತು... ಇಪ್ಪತ್ತು... ಇಪ್ಪತ್ತೊಂದು." ಗಾಲಿ ಒಂದು ಸುತ್ತು ಪೂರೈಸಿ ನಿಂತಿತು.

"ಇನ್ನೊಂದು ಸಲ ತಿರುಗಿಸು," ಎಂದರು. ಮತ್ತೆ ಇಪ್ಪತ್ತೊಂದೇ ಬಂತು.

"ಆ ದೊಡ್ಡ ಚಕ್ರ ಇದ್ದಾಗ ಹನ್ನೆರಡೇ ಸುತ್ತು ಬತ್ತಿತ್ತು ಕಣಮ್ಮ," ಎಂದ ಕೀರ್ತಿರಾಜ್. "ಈಗ ಗಾಲಿ ಒಂದು ಎಜ್ಜೆ ಇಡೋಕೆ ಮೋಟಾರು ಇಪ್ಪತ್ತೊಂದು ಪ್ರದಕ್ಷಿಣೆ ಆಕ್ತದೆ."

ಜಯಲಕ್ಷ್ಮಮ್ಮ ತಮ್ಮನ ಕಡೆ ತಿರುಗಿದರು. "ಇದನ್ನ ಮೊದಲೇ ಹೇಳೋಕೆ ನಿನಗೇನಾಗಿತ್ತೋ, ಪೆದ್ದ?"

"ಇದಕ್ಕೇ ಅಕ್ಕ, ಗೇರ್ ರೇಷಿಯೋ ಅನ್ನೋದು. ಚಕ್ರದ ಹಲ್ಲು ಕಮ್ಮಿಯಾದಷ್ಟೂ ಮೋಟಾರಿನ ಸುತ್ತು..."

"ರೇಷಿಯೋ ಅಂದ್ರೆ ಯಾರಿಗೋ ತಿಳಿಯುತ್ತೆ! ಪ್ರದಕ್ಷಿಣೆ ಅನ್ನು."

ಡಬ್ಬಿಯನ್ನು ಅವರೇ ಮತ್ತೆ ಕಟ್ಟಿ ಗುಂಡಿ ಒತ್ತಿದರು. ಲಾರಿ ಬಸುರಿ ಹೆಂಗಸಿನ ಹಾಗೆ ಭಾರವಾಗಿ, ನಿಧಾನವಾಗಿ ಹೊರಟಿತು. ಮೊದಲು ನಿಂತಿದ್ದ ಜಾಗವನ್ನು ದಾಟಿತು. ಮುಂದೆ ದಾರಿ ಬಂಡೆಯ ಹಿಂದಕ್ಕೆ ಹೊರಳುತ್ತಿತ್ತು. ಲಾರಿ ಕಣ್ಣಿಗೆ ಮರೆಯಾಗಬಾರದೆಂದು ಜಯಲಕ್ಷ್ಮಮ್ಮ ನಾಲ್ಕು ಹೆಜ್ಜೆ ಮೇಲಕ್ಕೆ ಹೋದರು. ಅದು ಇನ್ನಷ್ಟು ಸರಿಯಿತು. ಇವರೂ ಇನ್ನು ನಾಲ್ಕು ಹೆಜ್ಜೆ ಹೋದರು.

ಕೂಗಲು ಬಾಯಿ ತೆರೆದ ಕೇದಾರನ ಅಂಗಿಯನ್ನು ಕೀರ್ತಿರಾಜ್ ಹಿಡಿದೆಳೆದ. "ಸುಮ್ನಿರಿ ಸಾ. ಕೂಗಿದ್ರೆ ಮಂಡಿ ಗ್ಯಾಪ್ಕಕ್ಕೆ ಬಂದ್ಬುಡ್ತದೆ."

ಇಬ್ಬರೂ ಸದ್ದಿಲ್ಲದೆ ಹಿಂದೆ ನಡೆದರು. ಗುಡಿಯ ಹೊಸ್ತಿಲ ಮುಂದೆ ಲಾರಿ ನಿಂತಾಗ ಜಯಲಕ್ಷ್ಮಮ್ಮ ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ರಿಮೋಟು ಹಿಡಿದು, ಬೆವರುತ್ತ ನಿಂತಿದ್ದರು.

"ಅಕ್ಕಾ, ಗುಡ್ಡ ಹತ್ತಿಬಿಟ್ಟೆಯಲ್ಲೇ!"

"ನಾನೆಲ್ಲೋ ಹತ್ತಿದೆ?" ಎಂದರು ಅವರು, ಲಾರಿಯ ಮೇಲಿಂದ ಕಣ್ಣು ತೆಗೆಯದೆ. "ಎಲ್ಲಿ ನಿಂತುಬಿಡುತ್ತೋ ಅನ್ನೋ ಭಯಕ್ಕೆ ಹಿಂದೆಹಿಂದೆ ಬಂದೆ, ಅಷ್ಟೆ."