ಇನ್ನು ಮೇಲೆ ‘ನೀನು’

ಮೀನಿನ ಮುಳ್ಳು ಬಿಡಿಸುವ ಕೋಣೆಯ ಬಾಗಿಲಿಗೆ ಸಾಹುಕಾರ ಹಾಕೊಬೊ ತಾನೇ ಬಂದು ನಿಂತ. “ಒಬ್ದುಲಿಯಾ, ಕೈ ತೊಳ್ಕೊಂಡು ಬಾ, ಒಂದು ಕಾಫಿ ಕುಡಿಯೋಣ” ಎಂದು ಕರೆದು ಒಳಗೆ ಹೋದ.

“ಹೋಗೇ ಮಾರಾಯ್ತಿ,” ಪಕ್ಕದ ಚೆಲೊ ಮೊಣಕೈಯಲ್ಲಿ ತಿವಿದಳು. “ನಿನ್ನ ಮೇಲ್ವಿಚಾರಕಿ ಮಾಡ್ತಾನೇನೋ. ಮೊನ್ನೆ ನಿನ್ನ ಮೊಮ್ಮಗಳ ಹೆಸರು ಬೇರೆ ಕೇಳ್ದ.”

“ಅದಕ್ಕೇ ಹೆದರಿಕೆ ಕಣೇ,” ಎಂದಳು ಒಬ್ದುಲಿಯಾ.

ಅಪ್ಪ ತೀರಿಕೊಂಡ ಮೇಲೆ ಸಾಂತೋನ್ಯಾ ಬಂದರಿನ ಈ ಕಾರ್ಖಾನೆ ಹಾಕೊಬೊನ ಕೈಗೆ ಬಂದಿತ್ತು. ಬಂದವನೇ ಹೆಂಗಸರನ್ನೆಲ್ಲ ಸೇರಿಸಿ, ಇಲ್ಲಿ ಇನ್ನು ಹೆಸರಿನ ಮುಂದೆ ಗೌರವದ ‘ದೋನ್’ ಇಲ್ಲ, ‘ನೀವು’ ಇಲ್ಲ, ನಾವೆಲ್ಲ ಒಂದೇ ಮನೆಯವರು ಎಂದು ಸಾರಿದ. ಅಪ್ಪ ದೋನ್ ಎವೆಲಿಯೊ ಮಹಾ ಜಿಪುಣ. ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡಲೂ ಹಿಂದೆಮುಂದೆ ನೋಡುತ್ತಿದ್ದ. ಆದರೆ ನಿನ್ನೆ ಸೇರಿದ ಹುಡುಗಿಗೂ ಅವನ ಬಾಯಲ್ಲಿ ‘ನೀವು’. ಬೈಗುಳವೂ ಹಾಗೇ: “ಮತ್ತೆ ಮುಳ್ಳು ಬಿಟ್ಟಿದ್ದೀರಿ ಸೆನ್ಯೋರಾ, ಕಣ್ಣು ಮನೆಯಲ್ಲಿಟ್ಟು ಬಂದಿರಾ?” ಹಾಗೆ ಬೈದವನು ಯಾರನ್ನೂ ಮನೆಗೆ ಕಳಿಸಿದ್ದಿಲ್ಲ.

ಹಾಕೊಬೊ ಕುರ್ಚಿ ಎಳೆದುಕೊಟ್ಟ. ಕಾಫಿಗೆ ಸಕ್ಕರೆಯನ್ನೂ ತಾನೇ ಹಾಕಿದ.

“ನೀವ್ಯಾಕೆ ತೊಂದ್ರೆ ತಗೊಂಡ್ರಿ, ದೋನ್ ಹಾಕೊಬೊ?”

“ನೋಡು, ಮತ್ತೆ ದೋನು, ಮತ್ತೆ ನೀವು! ನಾನೇನು ಪಾದ್ರಿಯಾ?” ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. “ನಿನ್ನ ಹತ್ರ ಮುಚ್ಚುಮರೆ ಯಾಕೆ? ನೀನು ನನಗೆ ತಾಯಿ ಇದ್ದ ಹಾಗೆ. ಮೀನು ಬಿಡಿಸೋ ಕೆಲಸ ಮೊರೊಕ್ಕೊಗೆ ಹೋಗ್ತಾ ಇದೆ. ನೀನೂ ದುಡಿದು ದಣಿದಿದ್ದೀಯ. ಇನ್ನು ಆರಾಮಾಗಿರು, ಮೊಮ್ಮಗಳ ಜೊತೆ ಆಡ್ಕೊಂಡು.”

ಒಬ್ದುಲಿಯಾಳ ಪಿಂಚಣಿಗೆ ಇನ್ನೂ ಎರಡು ವರ್ಷವಿತ್ತು. ಬೆನ್ನು ಮುರಿದ ಗಂಡ ದೋಣಿ ಹತ್ತುವುದು ಬಿಟ್ಟು ವರ್ಷಗಳೇ ಆಗಿದ್ದವು. ಈ ವಯಸ್ಸಿನವಳನ್ನು ಊರಿನ ಬೇರೆ ಯಾವ ಕಾರ್ಖಾನೆಯೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

“ಅಂದ್ರೆ ನನ್ನ ತೆಗೀತಾ ಇದೀರಿ.”

“ಛೆ ಛೆ, ಎಂಥಾ ಮಾತು! ನಮ್ಮನಮ್ಮಲ್ಲಿ ತೆಗೆಯೋದೇನು, ಇಡೋದೇನು?”

ಅವಳು ಕಾಫಿ ಮುಟ್ಟಲಿಲ್ಲ. “ಹಾಗಾದ್ರೆ ಒಂದು ಉಪಕಾರ ಮಾಡಿ. ಈಗ ಹೇಳಿದ್ದನ್ನೇ ‘ನೀವು’ ಅಂತ ಹೇಳಿ. ನಿಮ್ಮಪ್ಪ ಹೇಳ್ತಿದ್ರಲ್ಲ, ಹಾಗೆ.”

“ಅಷ್ಟೇ ತಾನೆ?” ಹಾಕೊಬೊ ತಮಾಷೆಗೆಂಬಂತೆ ಕೋಟು ಸರಿಮಾಡಿಕೊಂಡು ನೆಟ್ಟಗೆ ಕೂತ. “ಸೆನ್ಯೋರಾ ಒಬ್ದುಲಿಯಾ, ನೀವು ಇಷ್ಟು ವರ್ಷ ನಮ್ಮಲ್ಲಿ ದುಡಿದಿದ್ದೀರಿ. ನಾಳೆಯಿಂದ ನೀವು...”

ಮಾತು ಅಲ್ಲಿಗೇ ನಿಂತಿತು. ಮೇಜಿನ ಮೇಲೆ, ಉಪ್ಪಿಗೆ ಬಿರಿದು ಬೆಳ್ಳಗಾದ ಅವಳ ಬೆರಳುಗಳಿದ್ದವು. ಅವನು ಗಂಟಲು ಸರಿಮಾಡಿಕೊಂಡು ಮತ್ತೆ “ನೀವು” ಎಂದ. ಮುಂದಿನ ಮಾತು ಹೊರಡಲೇ ಇಲ್ಲ. ಮುಖ ಕಿವಿಯವರೆಗೆ ಕೆಂಪೇರಿತು.

ಕೊನೆಗೆ ಮುಂದೆ ಬಾಗಿ, ಅವಳ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ.

“ಬೇಡ ಒಬ್ದುಲಿಯಾ. ಹಾಗೆ ಹೇಳಿದ್ರೆ ಯಾರನ್ನೋ ಕೆಲಸದಿಂದ ತೆಗೆದ ಹಾಗಿರುತ್ತೆ.”