ಟಿನ್ ಫ್ಯಾಕ್ಟರಿಯ ಅಜ್ಜಿ

ಬುಧವಾರ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ವಿರೂಪಾಕ್ಷ ಒಂದು ದೇಶದ ಸರ್ಕಾರವನ್ನು ಉರುಳಿಸಿದ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಎದುರು, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಕುರ್ಚಿಯಿಂದ ಏಳದೆ. ಫಿರಂಗಿಯಿಲ್ಲ, ಪಡೆಯಿಲ್ಲ. ನಂಬಿ ಎಂದು ಯಾರನ್ನೂ ಬೇಡಿಕೊಳ್ಳುವುದಿಲ್ಲ.

ದೇಶವೆಂದರೆ ಹಿಂದೂ ಮಹಾಸಾಗರದ ಒಂದು ದ್ವೀಪ. ನಕಾಶೆಯಲ್ಲಿ ಸಾಸಿವೆ ಕಾಳು. ಬ್ರಿಟಿಷರು ಬಿಟ್ಟುಹೋದ ಮೇಲೆ ಅದರ ಮೇಲೆ ಇಬ್ಬರ ಕಣ್ಣು ಬಿದ್ದಿತ್ತು. ಚೀನಾಕ್ಕೆ ಅಲ್ಲೊಂದು ಬಂದರು ಬೇಕು, ಅಮೆರಿಕಕ್ಕೆ ವಿಮಾನ ನೆಲೆ ಬೇಕು. ಹಾಗಾಗಿ ದ್ವೀಪದಲ್ಲಿ ಇದ್ದದ್ದು ಎರಡೇ ಪಕ್ಷ: ಬಂದರಿನ ಪಕ್ಷ, ನೆಲೆಯ ಪಕ್ಷ. ಕುಡಿಯುವ ನೀರಿಗೆ ಪಕ್ಷವೇ ಇರಲಿಲ್ಲ.

ಆ ದ್ವೀಪದ ಜಗತ್ಪ್ರಸಿದ್ಧ ಅಜ್ಜಿಯೇ ಕೊಪ್ಪಳದ ಈ ವಿರೂಪಾಕ್ಷ. ಫೇಸ್‌ಬುಕ್ಕಿನಲ್ಲಿ ಅವನಿಗೆ ಬೆಳ್ಳಿ ಕೂದಲು, ಬೊಚ್ಚುಬಾಯಿ, ಲಕ್ಷಾಂತರ ಮೊಮ್ಮಕ್ಕಳು. ಬಂದರು ಬಂದರೆ ಸಮುದ್ರವೇ ಅಡಮಾನವಾಗುತ್ತದೆ ಎಂದು ಅಜ್ಜಿ ಇಂಗ್ಲಿಷಿನಲ್ಲಿ ಬರೆದರೆ ದ್ವೀಪವೆಲ್ಲ ಅಳುತ್ತಿತ್ತು. ಆ ಕಣ್ಣೀರು ಹಲಸೂರು ಕೆರೆಯನ್ನು ಎರಡು ಸಲ ತುಂಬಿಸಿ, ಕೋಡಿ ಹರಿಸುವಷ್ಟಿತ್ತು. ನೆಲೆಯ ಪಕ್ಷದ ಪರವಾಗಿ ಅಜ್ಜಿಯಾಗುವ ಈ ಕೆಲಸ ಯಾರ ದುಡ್ಡಿಗೆ ಎಂದು ಕಂಪನಿಯಲ್ಲಿ ಕೇಳುವಂತಿರಲಿಲ್ಲ. ಹೊರಗೆ ಬಾಯಿ ಬಿಡುವಂತಿರಲಿಲ್ಲ. ಫೋನುಗಳು ಕೆಳಗೆ ಸೆಕ್ಯುರಿಟಿಯವನ ವಶದಲ್ಲಿ.

ಅಜ್ಜಿಗೊಬ್ಬ ವೈರಿಯಿದ್ದ. ಬಂದರಿನ ಪಕ್ಷದ ಮೀನುಗಾರ. ಹೆಂಡತಿ ಸತ್ತವನು, ಒಬ್ಬಳೇ ಮಗಳ ಅಪ್ಪ. ದಿನವೂ ಅಜ್ಜಿಯ ಮೇಲೆ ಹರಿಹಾಯುತ್ತಿದ್ದ. ಬೈಸಿಕೊಂಡೂ ಬೈಸಿಕೊಂಡೂ ವಿರೂಪಾಕ್ಷನಿಗೆ ಅವನ ಮೇಲೆ ಅಕ್ಕರೆ ಹುಟ್ಟಿಬಿಟ್ಟಿತ್ತು. ಈ ಜಗಳದಲ್ಲಿ ಅವನಾದರೂ ನಿಜವಾದ ಮನುಷ್ಯ, ತಾನೇ ಸುಳ್ಳು ಎಂಬ ನಾಚಿಕೆ ಬೇರೆ.

ಸಂಜೆ ಚಹಾಕ್ಕೆ ವಿರೂಪಾಕ್ಷನಿಗೆ ಜೊತೆ ಸುಗತ, ಅದೇ ಕಟ್ಟಡದಲ್ಲಿ ಇನ್ನೊಂದು ಮಹಡಿ ಮೇಲಿನವನು. ಹಲಸೂರಿನ ಹುಡುಗ. ಇಡೀ ಕಂಟೋನ್ಮೆಂಟಿನಲ್ಲಿ ಅವನಷ್ಟು ಚೆಲುವ, ಅವನಷ್ಟು ಬುದ್ಧಿವಂತ, ಅವನಷ್ಟು ಮೃದುಹೃದಯಿ ಇನ್ನೊಬ್ಬನಿಲ್ಲ. ವಿಮೆ ಕಂಪನಿಯ ದೂರು ಕೇಳುವ ಕೆಲಸ ಎನ್ನುತ್ತಿದ್ದ.

“ಯಾಕ್ ಗುರು, ಮುಖ ಸಪ್ಪಗಿದೆ?”

“ಕೆಲಸದ್ದು, ಬಿಡೋ.”

“ನಂದೇನ್ ಕಮ್ಮೀನಾ? ಒಬ್ಳು ಕಸ್ಟಮರ್ ಗಂಟು ಬಿದ್ದವ್ಳೆ. ನನ್ ಹೊಟ್ಟೆ ಉರ್ಸೋಕೇ ಹುಟ್ಟಿರೋದು.”

ಚುನಾವಣೆಯ ವಾರ ದ್ವೀಪ ಹೊತ್ತಿಕೊಂಡಿತು. ಕರ್ಫ್ಯೂ, ಬೀದಿಬೀದಿಗೂ ಸೈನಿಕರು. ಆ ಬುಧವಾರ ಬೆಳಿಗ್ಗೆ ಮೀನುಗಾರ ಮೊದಲ ಬಾರಿಗೆ ಅಜ್ಜಿಗೆ ಖಾಸಗಿಯಾಗಿ ಬರೆದ:

“ಅಜ್ಜಿ, ನಿಮ್ಮ ಕಡೆಯವರು ಮೀನು ಮಾರುಕಟ್ಟೆಗೆ ಬೀಗ ಜಡಿದಿದ್ದಾರೆ. ಬೆಂಕಿ ಇಡುತ್ತಾರಂತೆ. ನನ್ನ ಮಗಳು ಲಿನಾ ಒಳಗಿದ್ದಾಳೆ. ಒಂಬತ್ತು ವರ್ಷದವಳು. ನಿಮ್ಮ ಮಾತು ಕೇಳುತ್ತಾರೆ. ಬಾಗಿಲು ತೆಗೆಸಿ.”

ಯಾವ ಬಾಗಿಲು ಎಂದು ವಿರೂಪಾಕ್ಷ ಟೈಪ್ ಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲಾದ ಪರದೆಯ ಮುಂದೆ ಉಗುರು ಕಚ್ಚುತ್ತ ಕೂತ. ಜನರೇಟರ್ ಕೆಮ್ಮಿ ಕೆಮ್ಮಿ ಎದ್ದಿತು. ಅಷ್ಟು ಹೊತ್ತಾದರೂ ಮೀನುಗಾರನಿಂದ ಒಂದಕ್ಷರ ಬಂದಿರಲಿಲ್ಲ. ಅವನನ್ನೂ ಹೊಡೆದು ಹಾಕಿದರೇ? ಆಮೇಲೆ ಒಂದೇ ಒಂದು ಸಾಲು ಬಂತು:

“ಅಜ್ಜಿ, ಹೊಗೆ.”

ಟೀಮ್ ಲೀಡ್ ರಶ್ಮಿ ಅವನ ಹಿಂದೆಯೇ ನಿಂತಿದ್ದಳು. “ರಿಪ್ಲೈ ಮಾಡ್ಬೇಡಿ ವಿರೂಪಾಕ್ಷ. ಸ್ಕ್ರೀನ್‌ಶಾಟ್ ತಗೊಂಡು ಅಜ್ಜಿ ಮಾನ ಕಳೀತಾರೆ.”

“ಮೇಡಂ, ಒಳಗ ಕೂಸೈತ್ರಿ!”

“ಅದು ಅವ್ರ ಕಡೆ ಮಗು ರೀ.”

ಅವಳು ಆಚೆ ಹೋದದ್ದೇ ತಡ, ಅಜ್ಜಿ ಬರೆದಳು. ಮೀನುಗಾರನಿಗೆ ಅಪಾಯವಾಗದಿರಲೆಂದು ಯಾರ ಹೆಸರನ್ನೂ ಹಾಕಲಿಲ್ಲ. “ಮಕ್ಕಳೇ, ಪಕ್ಷ ಮರೆಯಿರಿ. ಕರ್ಫ್ಯೂ ಮರೆಯಿರಿ. ಮೀನು ಮಾರುಕಟ್ಟೆಗೆ ಓಡಿ, ಬಾಗಿಲು ಒಡೆಯಿರಿ. ಒಳಗೊಂದು ಮಗುವಿದೆ.”

ದ್ವೀಪ ಎದ್ದು ಓಡಿತು. ಬಂದರಿನವರೂ ನೆಲೆಯವರೂ ಒಂದೇ ಬೀದಿಯಲ್ಲಿ, ಕೈಯಲ್ಲಿ ಹಾರೆ, ಕೊಡಲಿ, ನೀರಿನ ಕೊಡ. ಸೈನಿಕರಿಗೆ ಕಂಡದ್ದು ಕರ್ಫ್ಯೂ ಮುರಿದ ಗುಂಪು, ಅಷ್ಟೆ. ಗುಂಡು ಹಾರಿದವು. ಸತ್ತವರು ಹದಿನಾಲ್ಕು ಜನ. ಈ ಲೆಕ್ಕಕ್ಕೆ ಬಡಾಯಿಗೆಂದು ಒಂದನ್ನೂ ಕೂಡಿಸಿಲ್ಲ.

ಊಟದ ಹೊತ್ತಿಗೆ ಸರ್ಕಾರ ಬಿತ್ತು. ಸೇನಾಪತಿ ಕುರ್ಚಿ ಹಿಡಿದ. ಸಂಜೆಯೊಳಗೆ ಬಂದರನ್ನು ಚೀನಾಕ್ಕೂ ವಿಮಾನ ನೆಲೆಯನ್ನು ಅಮೆರಿಕಕ್ಕೂ ಕೊಟ್ಟು, ಇಬ್ಬರಿಂದಲೂ ಶುಭಾಶಯ ಪಡೆದ. ರಶ್ಮಿ ಕೋಪ ಮರೆತು, “ಏನ್ ರೀಚ್ ರೀ ಇದು!” ಎಂದು ಕೈ ಕುಲುಕಿದಳು.

ಚಹಾದಂಗಡಿಯಲ್ಲಿ ವಿರೂಪಾಕ್ಷ ಲೋಟವನ್ನು ಹಾಗೇ ಪಕ್ಕಕ್ಕಿಟ್ಟ. ಕಂಪನಿಯ ನಿಯಮವನ್ನು ಗಾಳಿಗೆ ತೂರಿ ಸುಗತನ ಮುಂದೆ ಬಾಯಿ ಬಿಟ್ಟ.

“ಯಾವುದೋ ದ್ವೀಪ, ಯಾರದೋ ಕೂಸು. ಉಳಸ್ಬೇಕಂತ ಹೋಗಿ ಹದಿನಾಕು ಮಂದೀನ ಕೊಂದ್ನಲ್ಲೋ. ಅದರಪ್ಪ ಆಮ್ಯಾಲ ಒಂದು ಮಾತೂ ಬರದಿಲ್ಲ. ಕೂಸು ಸಿಕ್ತೋ ಇಲ್ಲೋ, ಅಷ್ಟು ಗೊತ್ತಾದ್ರ ಸಾಕು. ಇಲ್ಲಂದ್ರ ನಾ ಬದುಕೂದಿಲ್ಲ.”

ಅವನು ಹಾಗೆಯೇ ಎದ್ದು ರಸ್ತೆಯ ಕಡೆ ತಿರುಗಿದ. ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಗಳು ಬಿಡುವಿಲ್ಲದೆ ಹೋಗುತ್ತಿದ್ದವು. ಸುಗತ ಓಡಿಹೋಗಿ ರಟ್ಟೆ ಹಿಡಿದ.

“ಲಿನಾಗೆ ಏನೂ ಆಗಿಲ್ಲ ಗುರು! ನಿಂತ್ಕೋ!”

ವಿರೂಪಾಕ್ಷ ನಿಂತ. ನಿಧಾನವಾಗಿ ತಿರುಗಿದ. “ಹೆಸರು ನಾ ಹೇಳಿಲ್ಲಲ್ಲೋ.”

ಸಿಕ್ಕಿಬಿದ್ದೆ. ಬಡಾಯಿ ಸಾಕು. ಆ ಚೆಲುವ ಸುಗತ ನಾನೇ. ಮೇಲಿನ ಮಹಡಿಯಲ್ಲಿ ವಿಮೆ ಕಂಪನಿ ಇಲ್ಲ. ಬಂದರಿನ ಪಕ್ಷವಿದೆ, ಅದರ ಮೀನುಗಾರ ನಾನು. ಅಜ್ಜಿ ನಿಜವಾದವಳೆಂದು ನಾನೂ ನಂಬಿದ್ದೆ. ಬಾಗಿಲು ತೆಗೆಸಲಾರೆ ಎಂದು ಅವಳು ಬರೆದರೆ ಆ ಉತ್ತರವನ್ನು ಊರಿಗೆಲ್ಲ ತೋರಿಸಬೇಕೆಂದಿದ್ದೆ. ಇಷ್ಟನ್ನೂ ಅವನ ರಟ್ಟೆ ಬಿಡದೆ ಹೇಳಿದೆ.

“ಹಂಗಾದ್ರ ಮಾರ್ಕೆಟ್‌ನ್ಯಾಗ ಯಾರೂ ಇರ್ಲಿಲ್ಲೇನು?”

“ಇರ್ಲಿಲ್ಲ ಗುರು. ನೀನು ಕಳಿಸೋವರ್ಗೂ ಅಲ್ಲಿ ಒಂದು ನರಪಿಳ್ಳೆನೂ ಇರ್ಲಿಲ್ಲ.”